ಆಚ್ಚಿ ಬೇಡವೆಂದ ಸೀರೆ

ಆಚ್ಚಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಚರ್ಮ ಗಟ್ಟಿಯಾಗಿತ್ತು. ಶ್ಯಾವಿಗೆ ಒತ್ತಿ ಒತ್ತಿ ಬಂದದ್ದು. ನನ್ನ ಮಗಳು ಹಾಲು ಕುಡಿದ ಮೇಲೆ ತೇಗು ಬರಲೆಂದು ಅವಳು ಬೆನ್ನು ಸವರುವಾಗ ಆ ಗಂಟು ಎಲ್ಲಿ ಎಳೆ ಮೈಗೆ ಒತ್ತೀತೋ ಎಂದು ನನಗೆ ಹೆದರಿಕೆ. ಅವಳು ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅಂಗೈಯ ಮೆತ್ತನೆ ಭಾಗವೊಂದನ್ನೇ ಆಡಿಸುತ್ತಿದ್ದಳು. ಹಾಗೆ ಮಾಡುವುದು ಅವಳಿಗೂ ಗೊತ್ತಿರಲಿಲ್ಲವೇನೋ. ಕೇಳಿದರೆ, "ಅಯ್ಯೋ ಪಿಳ್ಳೆ, ಕೈಗೆ ಬುದ್ಧಿ ಇದೆ, ತಲೆಗೆ ಇಲ್ಲ" ಎಂದು ನಗುತ್ತಿದ್ದಳು.

ಆಚ್ಚಿ ಎಂದರೆ ಅವರ ಕಡೆ ಅಜ್ಜಿ. ಪಿಳ್ಳೆ ಎಂದರೆ ಮಗು. ಯುದ್ಧದ ಕಾಲದಲ್ಲಿ ಲಂಕೆಯ ಜಾಫ್ನಾ ಕಡೆಯಿಂದ ದೋಣಿ ಹತ್ತಿ ಬಂದವರನ್ನು ಸರ್ಕಾರ ತಮಿಳುನಾಡಿನ ಉದ್ದಗಲಕ್ಕೂ ಕ್ಯಾಂಪುಗಳಲ್ಲಿ ಇರಿಸಿತಲ್ಲ, ಅಂಥದ್ದೊಂದು ಕ್ಯಾಂಪು ಕರ್ನಾಟಕದ ಗಡಿಗಂಟಿದ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೂ ಇತ್ತು. ಕಂಕುಳಲ್ಲಿ ಒಬ್ಬ ಮಗನನ್ನು ಎತ್ತಿಕೊಂಡು ಬಂದ ಆಚ್ಚಿ ಅಲ್ಲೇ ಗಂಡನನ್ನು ಮಣ್ಣು ಮಾಡಿದಳು, ಅಲ್ಲೇ ಮಗನಿಗೆ ಮದುವೆ ಮಾಡಿದಳು, ಅಲ್ಲೇ ಮುದುಕಿಯಾದಳು. ಮಗ ಹೊಸೂರಿನ ಹೊಸ ಹೊಸ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಅವಳು ದಿನಾ ಬೆಳಗಿನ ಮೊದಲ ಬಸ್ಸಿಗೆ ಹೊಸೂರಿನ ಅಂಚಿನ ಮೂಕಂಡಪಲ್ಲಿಗೆ ಬಂದು, ಕಾರ್ಖಾನೆ ಬಸ್ಸಿಗೆ ಕಾಯುವ ನಮ್ಮಂಥ ಹುಡುಗಿಯರಿಗೆ ಶ್ಯಾವಿಗೆ ಮಾರುತ್ತಿದ್ದಳು. ಅವಳು ಅದನ್ನು ಇಡಿಯಾಪ್ಪಂ ಎನ್ನುತ್ತಿದ್ದಳು, ನಾವು ಒತ್ತುಶ್ಯಾವಿಗೆ ಎನ್ನುತ್ತಿದ್ದೆವು. ಎರಡು ಹೆಸರಿಗೂ ಅವಳು ತಲೆಯಾಡಿಸುತ್ತಿದ್ದಳು.

ಆ ಶ್ಯಾವಿಗೆಯದೇ ಒಂದು ಕಥೆ. ಅವರ ಊರಿನದು ದಾರದಂಥ ಸಣ್ಣ ಎಳೆ. ಅಂಥ ಅಚ್ಚು ಇಲ್ಲಿ ಸಿಗಲಿಲ್ಲ. ಡೆಂಕಣಿಕೋಟೆ ರಸ್ತೆಯ ಆಚಾರಿಯೊಬ್ಬನಿಗೆ ಅವಳು ಮಣ್ಣಿನಲ್ಲಿ ಬರೆದು ತೋರಿಸಿ, ಕೈಯಲ್ಲಿ ಹಿಡಿದು ಒತ್ತುವಂಥ ಮರದ ಅಚ್ಚು ಮಾಡಿಕೊಡಲು ಹೇಳಿದಳಂತೆ. ಆಚಾರಿ ಎಲ್ಲದಕ್ಕೂ ಹ್ಞೂಂಗುಟ್ಟಿ, ಕೊನೆಗೆ ತೂತು ಮಾತ್ರ ತನಗೆ ಗೊತ್ತಿದ್ದ ನಮ್ಮ ಒತ್ತುಶ್ಯಾವಿಗೆ ಅಳತೆಗೇ ಕೊರೆದಿಟ್ಟ. ಎಳೆ ದಪ್ಪದಪ್ಪ ಬಂತು. ಇದೇನು ಹಗ್ಗವೇ ಎಂದು ಕ್ಯಾಂಪಿನವರು ನಕ್ಕರು. ನಾವು ಹುಡುಗಿಯರು ಮಾತ್ರ ಮೊದಲ ತುತ್ತಿಗೇ "ನಮ್ಮವ್ವ ಮಾಡೋ ತರಾನೇ ಐತೆ ಕಣೇ" ಎಂದು ಮುಗಿಬಿದ್ದೆವು. ಆಚ್ಚಿ ಮತ್ತೆ ಅಚ್ಚು ಬದಲಾಯಿಸಲೇ ಇಲ್ಲ. "ಆಚಾರಿ ತಪ್ಪು ಮಾಡಿದ್ರು, ನನಗೆ ಅನ್ನ ಸಿಕ್ತು" ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಆ ಒಡ್ಡೊಡ್ಡು ಅಚ್ಚನ್ನು ದಿನಾ ಎಣ್ಣೆ ಹಚ್ಚಿ ಒರೆಸಿಡುತ್ತಿದ್ದಳು.

ಅವಳ ಇನ್ನೊಂದು ಚಾಳಿ ನಮಗೆಲ್ಲ ತಮಾಷೆ. ಯಾರನ್ನೂ ಅವಳು ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಅವರ ಕಡೆ ಹೆತ್ತ ಮಕ್ಕಳಿಗೂ ಬಹುವಚನವಂತೆ. ಬಸ್‌ಸ್ಟಾಪಿನಲ್ಲಿ ನಮ್ಮಿಂದಲೇ ಕಲಿತ ಕನ್ನಡದಲ್ಲೂ ಅದನ್ನು ಬಿಡಲಿಲ್ಲ. ಶ್ಯಾವಿಗೆ ಬೋಸಿಗೆ ಬಾಯಿ ಹಾಕಲು ಬಂದ ಬೀದಿನಾಯಿಗೂ, "ಹೋಗಿ, ಆ ಕಡೆ ಹೋಗಿ, ಆಮೇಲೆ ಕೊಡ್ತೀನಿ" ಎನ್ನುವಳು. ಕಾರ್ಖಾನೆಯಲ್ಲಿ ನಮ್ಮ ಲೈನಿನ ಸೂಪರ್‌ವೈಸರ್ ದಿನವಿಡೀ ನಮ್ಮನ್ನು ಕರೆಯುವ ರೀತಿ ಕೇಳಿ ಕೇಳಿ ಬೇಸತ್ತ ನನಗೆ, ಬೆಳಿಗ್ಗೆ ಅವಳ ಬಾಯಲ್ಲಿ "ಬನ್ನಿ ಪಿಳ್ಳೆ, ಕೂತ್ಕೊಳ್ಳಿ" ಎಂಬ ಮಾತು ಕೇಳುವುದೇ ಒಂದು ಸುಖವಾಗಿತ್ತು.

ನಾನು ಅವಳ ಮನಸ್ಸು ಗೆದ್ದೆ ಎಂದೇನೂ ಹೇಳಿಕೊಳ್ಳಲಾರೆ. ಶುರುವಿನಲ್ಲಿ ನಾನು ಮಾಡಿದ್ದೆಲ್ಲ ಎಡವಟ್ಟೇ. ಒಂದು ಹಬ್ಬದ ಮುಂಚೆ ನಮ್ಮ ಲೈನಿನ ಹುಡುಗಿಯರೆಲ್ಲ ಸೇರಿ ಕ್ಯಾಂಪಿನವರಿಗೆ ಹಳೆ ಸೀರೆ ಕೊಡೋಣ ಎಂದು ತೀರ್ಮಾನಿಸಿದೆವು. ಮುಂದಾಳು ನಾನೇ. ದೊಡ್ಡ ಚೀಲ ತುಂಬಿ ತಂದು ಆಚ್ಚಿಯ ಮುಂದಿಟ್ಟು, ಈಗ ಕಣ್ಣೀರು ಹಾಕುತ್ತಾಳೆ ಎಂದು ಕಾದು ನಿಂತೆ. ಅವಳು ಒಂದೊಂದೇ ಸೀರೆ ತೆಗೆದು, ನಾವು ಹೇಗೆಹೇಗೋ ತುರುಕಿದ್ದನ್ನು ನೀಟಾಗಿ ಮಡಿಸಿ, ಮತ್ತೆ ಚೀಲಕ್ಕೆ ಹಾಕಿ ನನ್ನ ಕೈಗೇ ಕೊಟ್ಟಳು. ಅದರ ಮೇಲೆ ಎಲ್ಲರಿಗೂ ಒಂದೊಂದು ಎಲೆಯಲ್ಲಿ ಶ್ಯಾವಿಗೆ, ಅವಳು ಸಂಬಲ್ ಎನ್ನುವ ತೆಂಗಿನಕಾಯಿ ಚಟ್ನಿ. ದುಡ್ಡು ಬೇಡವೆಂದಳು.

"ಸೀರೆ ಇದೆ ಪಿಳ್ಳೆ. ಮಳೆ ಬಂದ್ರೆ ಕೂರಕ್ಕೆ ಜಾಗ ಇಲ್ಲ."

ನನಗೆ ಮೈ ಉರಿಯಿತು. ಕೊಟ್ಟದ್ದನ್ನು ಬೇಡವೆನ್ನುವ ಕೊಬ್ಬು ನೋಡು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಎರಡು ದಿನ ಅವಳ ಹತ್ತಿರ ತಿನ್ನಲೂ ಇಲ್ಲ. ಮೂರನೇ ದಿನ ನಿಜವಾಗಿಯೂ ಮಳೆ ಬಂತು. ಅವಳು ಬೋಸಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ತಾನು ನೆನೆಯುತ್ತ ಕೂತಿದ್ದಳು. ನನ್ನ ಸಿಟ್ಟು ಅವತ್ತು ಇಳಿಯಿತು. ಎದುರಿನ ಟೀ ಅಂಗಡಿಯ ಅಣ್ಣನನ್ನು ಕೇಳಿದೆ. ಅವನು, "ಇಷ್ಟೇನಾ? ನಮ್ಮ ಶೀಟ್ ಕೆಳ್ಗೆ ಕೂತ್ಕಳ್ಳಿ ಬುಡವ್ವ, ನನ್ಗೂ ನಾಕು ಟೀ ಹೆಚ್ಗೆ ಹೋಯ್ತದೆ" ಎಂದ. ಬಸ್ಸಿನ ಡ್ರೈವರನಿಗೆ ಹೇಳಿ ಬಸ್ಸು ಹತ್ತು ಹೆಜ್ಜೆ ಮುಂದೆ, ಆ ಅಂಗಡಿಯ ಎದುರಿಗೇ ನಿಲ್ಲುವಂತೆ ಮಾಡಿದೆವು. ಆ ಹತ್ತು ಹೆಜ್ಜೆಗೆ ಆಚ್ಚಿಯ ವ್ಯಾಪಾರ ಎರಡು ಬೋಸಿಗೆ ಏರಿತು. ಒಂದು ಚೀಲ ಸೀರೆಯಿಂದ ಆಗದ್ದು ಒಂದು ತಗಡಿನ ಶೀಟಿನಿಂದ ಆಯಿತು. ಅವಳಿಗೇನು ಬೇಕು ಎಂದು ನಾವು ಮೊದಲೇ ಕೇಳಬಹುದಿತ್ತು. ಕೇಳಿರಲಿಲ್ಲ.

ಎರಡನೇ ಎಡವಟ್ಟು ಬಾಯಿಂದ ಆದದ್ದು. ಅನುಕಂಪದಿಂದಲೇ ಕೇಳಿದ್ದೆ, "ಆಚ್ಚಿ, ನೀವು ನಿಮ್ಮೂರಿಗೆ ಯಾವಾಗ ಹೋಗ್ತೀರ?"

ಅವಳು ಎಲೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಮನೆಗೆ ಬಂದ ನೆಂಟರ್ನ ಯಾವಾಗ ಹೋಗ್ತೀರಿ ಅಂತ ಕೇಳ್ತಾರಾ ಪಿಳ್ಳೆ?" ಎಂದು ನಕ್ಕಳು. ನಾನೂ ನಕ್ಕೆ. ಆ ಪ್ರಶ್ನೆ ಕೇಳಿಸಿಕೊಂಡವರಿಗೆ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಮುಂದೆ.

ನಮ್ಮದು ಡೆಂಕಣಿಕೋಟೆ ಆಚೆಯ ಹಳ್ಳಿ. ರಾಗಿ, ಟೊಮೆಟೊ, ಕಾಡಂಚಿನ ಹೊಲ. ನಾನು ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ, ತೆಲುಗು ಮಾತಾಡುವ, ನಮ್ಮ ಜಾತಿಯಲ್ಲದ ಹುಡುಗನನ್ನು ಮದುವೆಯಾದೆ. ಅಪ್ಪ ಆಮೇಲೆ ನನ್ನ ಹೆಸರೆತ್ತಲಿಲ್ಲ. ಆನೆ ತುಳಿದು ಹೋದ ಹೊಲದಲ್ಲಿ ಮಾರನೇ ಬೆಳಿಗ್ಗೆಯೇ ನಿಂತು ಬದುಕಿದ ಪೈರೆಷ್ಟು ಎಂದು ನೋಡುವ ಮನುಷ್ಯ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವ್ವನಿಗೆ ಮನಸ್ಸಿತ್ತು, ಧೈರ್ಯ ಇರಲಿಲ್ಲ. ನನ್ನ ಗಂಡನಿಗೆ ತಾಯಿಯಿಲ್ಲ. ಇಬ್ಬರೂ ಮೂಕಂಡಪಲ್ಲಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಸುಖವಾಗಿಯೇ ಇದ್ದೆವು. ಬಸುರಾದ ಮೇಲೆ ಶುರುವಾಯಿತು. ಮೊದಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕಲ್ಲ? ಬೀದಿಯಲ್ಲಿ ನಲ್ಲಿಗೆ ಹೋದರೆ, ಕಾರ್ಖಾನೆಯಲ್ಲಿ ಊಟಕ್ಕೆ ಕೂತರೆ, ಎಲ್ಲರೂ ಪ್ರೀತಿಯಿಂದಲೇ ಕೇಳುವರು, "ತವರಿಗೆ ಯಾವಾಗ ಹೋಗ್ತೀಯ?" ನಾನು ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಬಂದೆ. ಒಂಬತ್ತು ತುಂಬಿದ ಮೇಲೆ ಯಾವ ಮುಂದಿನ ತಿಂಗಳು?

ಆ ಹೊತ್ತಿಗೆ ಕೆಲಸ ಬಿಟ್ಟಿದ್ದೆ. ಆದರೂ ಬೆಳಿಗ್ಗೆ ಬಸ್‌ಸ್ಟಾಪಿಗೆ ಹೋಗಿ ಆಚ್ಚಿಯ ಪಕ್ಕ ಕೂರುವುದು ರೂಢಿ. ನಮ್ಮ ರಾಗಿಯನ್ನು ಅವಳು ಕುರಕ್ಕನ್ ಎನ್ನುತ್ತಿದ್ದಳು. ನನಗೆಂದೇ ರಾಗಿಹಿಟ್ಟಿಗೆ ತೆಂಗಿನತುರಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಪಿಟ್ಟು ತರುತ್ತಿದ್ದಳು. ಅವತ್ತೂ ತಂದಿದ್ದಳು. ಪಕ್ಕದ ಮನೆಯಾಕೆ ಹಾದು ಹೋಗುವಾಗ, "ಏನಮ್ಮಿ, ಇನ್ನೂ ಇಲ್ಲೇ ಇದ್ದೀಯ? ತವರಿಂದ ಕರ್ಯಾಕ್ ಬರ್ಲಿಲ್ವಾ?" ಎಂದಳು. ನಾನು ಉತ್ತರ ಕೊಡುವುದರೊಳಗೆ ಆಚ್ಚಿ ಹೇಳಿಬಿಟ್ಟಳು.

"ನಾನು ಬಂದಿದ್ದೀನಲ್ಲ, ಕರಿಯಕ್ಕೆ."

ನಾನು ತಮಾಷೆ ಎಂದುಕೊಂಡೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಬೇಡ ಆಚ್ಚಿ, ನೀವೇ ನಮ್ಮನೆಗೆ ಬಂದು ನಾಲ್ಕು ದಿನ ನೀರು ಹಾಕಿ ಎಂದೆ. ಅವಳಿಗೆ ಸಿಟ್ಟು ಬಂದದ್ದನ್ನು ಅವತ್ತು ಮೊದಲ ಸಲ ನೋಡಿದೆ. "ಮಗಳು ತವರಿಗೆ ಬರಬೇಕು. ತವರು ಮಗಳ ಮನೆಗೆ ಹೋಗುತ್ತಾ? ನನಗೆ ಹೆಣ್ಣುಮಗು ಇಲ್ಲ. ಆ ಮನೆಗೆ ಒಬ್ಬ ಬಾಣಂತಿ ಬಂದಿಲ್ಲ. ತಗೊಂಡು ತಗೊಂಡು ನನ್ನ ಕೈ ಸಾಕಾಗಿದೆ ಪಿಳ್ಳೆ. ಒಂದ್ಸಲ ಕೊಡಕ್ಕೆ ಬಿಡಿ."

ಆದರೆ ಕ್ಯಾಂಪಿಗೆ ಅದರದೇ ಕಟ್ಟುಪಾಡು. ಹೊರಗಿನವರು ಅಲ್ಲಿ ಉಳಿಯಬೇಕಾದರೆ ಆಫೀಸಿನಿಂದ ಅನುಮತಿ ಬೇಕು, ಸಂಬಂಧ ಏನೆಂದು ಬರೆಯಬೇಕು. ಅಷ್ಟು ವರ್ಷ ಕ್ಯಾಂಪಿನವರ ತಲೆ ಎಣಿಸುವ ಹಾಜರಿ ದಿನ ತಪ್ಪದೆ ನಿಂತು ಸಹಿ ಹಾಕಿದ ಆಚ್ಚಿ, ಆಫೀಸಿನವರನ್ನು ತಾನಾಗಿ ಏನನ್ನೂ ಕೇಳಿದವಳಲ್ಲ. ಈಗ ಅರ್ಜಿ ಬರೆಸಿದಳು. ಸಂಬಂಧ ಎಂದಿರುವ ಕಡೆ "ಮಗಳು" ಎಂದು ತಾನೇ ತಮಿಳಿನಲ್ಲಿ ಬರೆದಳು.

ಆಫೀಸರ್ ವಯಸ್ಸಾದ ಮನುಷ್ಯ. ನನ್ನ ಆಧಾರ್ ಕಾರ್ಡನ್ನೂ ಅರ್ಜಿಯನ್ನೂ ಎರಡೆರಡು ಸಲ ನೋಡಿದ. ಅಜ್ಜಿಗೆ ತಮಿಳಿನಲ್ಲಿ ಹೇಳುವಂತೆ ಪಾಟಿ ಎಂದು ಕರೆದು ಕೇಳಿದ, ಇಲ್ಲಿ ಅಪ್ಪನ ಹೆಸರು ಬೇರೆ, ಊರು ಡೆಂಕಣಿಕೋಟೆ ಕಡೆ, ಭಾಷೆ ಕನ್ನಡ, ಈ ಹುಡುಗಿ ನಿಮ್ಮ ಮಗಳು ಹೇಗಾದಳು?

ಆಚ್ಚಿ ಕೈಕಟ್ಟಿ ನಿಂತಿದ್ದಳು. ಅವಳು ತಮಿಳಿನಲ್ಲಿ ಹೇಳಿದ್ದು ನನಗೆ ಈಗಲೂ ಅಕ್ಷರಶಃ ನೆನಪಿದೆ. "ಸಾರ್, ಇಷ್ಟು ವರ್ಷ ನಾನು ಯಾರು ಅಂತ ನೀವು ಬರೆದಿರಿ, ನಾನು ಕೆಳಗೆ ಸಹಿ ಹಾಕಿದೆ. ಇದೊಂದು ಸಲ ನಾನು ಬರೆದಿದ್ದೇನೆ, ನೀವು ಸಹಿ ಹಾಕಿ."

ಅವನು ಪೆನ್ನು ತಿರುಗಿಸುತ್ತ ಕೂತ. ಇವನು ಆಗುವುದಿಲ್ಲ ಎಂದರೆ ನಾನು ಹೋಗುವುದಾದರೂ ಎಲ್ಲಿಗೆ? ಆಗ ಹೊರಗೆ ಕಾಯುತ್ತಿದ್ದ ಟೀ ಅಂಗಡಿಯ ಅಣ್ಣ, ಬಸ್ ಡ್ರೈವರ್, ನಮ್ಮ ಲೈನಿನ ಹಿರಿಯ ಅಕ್ಕ ಮೂವರೂ ಕರೆಯದೆಯೇ ಒಳಗೆ ನುಗ್ಗಿದರು. ನನ್ನ ಗಂಡ ಹಿಂದೆ. "ಸಾಕ್ಷಿ ಬೇಕಂದ್ರೆ ನಾವಿದೀವಿ ಸಾರ್. ದಿನಾ ಬೆಳಿಗ್ಗೆ ನೋಡ್ತೀವಿ, ಹೆತ್ತವ್ಳಿಗಿಂತ ಹೆಚ್ಗೆ ನೋಡ್ಕತಾರೆ" ಎಂದ ಅಂಗಡಿಯ ಅಣ್ಣ, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ. ಆಫೀಸರ್ ಮೂವರ ಸಹಿಯನ್ನೂ ಹಾಕಿಸಿಕೊಂಡ. ಆಮೇಲೆ ಕೇಳಿದ, "ಎಷ್ಟು ದಿನ ಪಾಟಿ?" ಆಚ್ಚಿ ಹನ್ನೊಂದು ಎಂದಳು. ಅವನು ಹನ್ನೊಂದು ಬರೆದ. ನನ್ನದೇ ಜಿಲ್ಲೆಯಲ್ಲಿ, ಹುಟ್ಟಿದ ಊರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿ, ನನಗೆ ಇರಲು ಜಾಗ ಕೊಡಿಸಿದವಳು ಸಮುದ್ರದ ಆಚೆಯಿಂದ ಬಂದವಳು.

ಹೊಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಅಲ್ಲಿಂದ ನೇರ ಕ್ಯಾಂಪಿಗೆ ಹೋದೆ. ಆ ಹೊತ್ತಿಗೆ ಸರ್ಕಾರದವರು ಹಳೆ ಗುಡಿಸಲು ಕೆಡವಿ ಹೊಸ ಮನೆ ಕಟ್ಟಿಕೊಟ್ಟಿದ್ದರು. ಇದ್ದ ಒಂದೇ ಮಂಚ ನನಗೆ. ಪಕ್ಕದ ಮನೆಯವರು ನೀರು ಕಾಯಿಸುವ ಹಂಡೆ ತಂದರು, ಎದುರಿನವರು ತೊಟ್ಟಿಲಿಗೆ ಹಳೆ ಮೆತ್ತನೆ ಸೀರೆ ಕೊಟ್ಟರು, ಒಬ್ಬಳು ದಿನಾ ಸಂಜೆ ಸಾಂಬ್ರಾಣಿ ಹೊಗೆ ಹಾಕಲು ಬರುತ್ತಿದ್ದಳು. ಒಂದು ಕಾಲಕ್ಕೆ ನಾನು ಚೀಲ ಹೊತ್ತುಕೊಂಡು ದಾನ ಮಾಡಲು ಹೊರಟಿದ್ದು ಇದೇ ಜನಕ್ಕೆ. ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತು, ಅವರು ತಂದದ್ದನ್ನೆಲ್ಲ ತೆಗೆದುಕೊಂಡೆ. ನನಗೆ ಕಣ್ಣೀರು ಬಂತು, ಅದನ್ನು ಅವರು ಕಾದು ನಿಂತು ನೋಡಲಿಲ್ಲ.

ನಾಲ್ಕನೇ ದಿನ ಅವ್ವ ಬಂದಳು. ನನ್ನ ಗಂಡ ಹೇಗೋ ಸುದ್ದಿ ಮುಟ್ಟಿಸಿದ್ದ, ಅರ್ಜಿಯ ವಿಷಯವನ್ನೂ. ಹೊಸೂರಿನಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಅಪ್ಪನಿಗೆ ಹೇಳಿ, ಸೆರಗಿನಲ್ಲಿ ಹುರಿಹಿಟ್ಟಿನ ಡಬ್ಬಿ ಮುಚ್ಚಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕ್ಯಾಂಪಿನ ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂತವನು, ಯಾರನ್ನು ನೋಡಲು, ಏನು ಸಂಬಂಧ ಎಂದು ಕೇಳಿದ. ಮಗಳನ್ನು ನೋಡಲು ಎಂದರೆ ಆಚ್ಚಿಯ ಅರ್ಜಿ ಸುಳ್ಳಾಗುತ್ತದೆ, ನನ್ನನ್ನು ಹೊರಗೆ ಕಳಿಸಿಬಿಟ್ಟಾರು ಎಂದು ಅವ್ವನಿಗೆ ಭಯ. ಆಫೀಸರಿಗೆ ನಿಜ ಗೊತ್ತು ಎಂಬುದು ಅವಳಿಗೆ ತಿಳಿಯದು. ಆಚ್ಚಿಯ ಹೆಸರು ಕೊಟ್ಟು ಹೇಳಿದಳಂತೆ, "ನಮ್ಮಕ್ಕನ್ನ ನೋಡಾಕ್ ಬಂದೀನಿ. ನಾನು ತಂಗಿ." ಅವನು ಹಾಗೇ ಬರೆದುಕೊಂಡ. ಅವ್ವ ಹೆಬ್ಬೆಟ್ಟು ಒತ್ತಿದಳು.

ಒಳಗೆ ಬಂದವಳು ನನ್ನ ಮುಖ ನೋಡಲಾರದೆ ಮಗುವನ್ನೇ ಎತ್ತಿಕೊಂಡು ಕೂತಳು. ಬಾಗಿಲಲ್ಲಿ ಏನೆಂದೆ ಎಂದು ಆಚ್ಚಿಗೆ ಹೇಳಿ, "ತೆಪ್ಪಾಯ್ತೇನೋ ಅಕ್ಕಾ" ಎಂದು ಅತ್ತಳು. ಆಚ್ಚಿ ಅವಳ ಕೈಗೆ ಬಿಸಿ ಕಾಫಿಯ ಲೋಟ ಕೊಟ್ಟು, "ತಪ್ಪೇನು? ಅಕ್ಕ ಅಂದ ಮೇಲೆ ಅಕ್ಕನ ಮಾತು ಕೇಳಿ. ಕುಡೀರಿ ಮೊದಲು" ಎಂದಳು. ಅರ್ಧ ಗಂಟೆಯಲ್ಲಿ ಇಬ್ಬರೂ ಜಗಳಕ್ಕೆ ನಿಂತರು. ಅವ್ವನ ಪ್ರಕಾರ ಬಾಣಂತಿಗೆ ನೀರು ಹೆಚ್ಚು ಕೊಡಬಾರದು, ಮೆಂತ್ಯದ ಹಿಟ್ಟು ಕೊಡಬೇಕು. ಆಚ್ಚಿಯ ಪ್ರಕಾರ ಮೆಣಸು, ಬೆಳ್ಳುಳ್ಳಿ, ಶುಂಠಿ ಅರೆದು ಮಾಡುವ, ಅವಳು ಸರಕ್ಕು ಎನ್ನುವ ಸಾರಿಲ್ಲದೆ ಹಾಲು ಬರುವುದಿಲ್ಲ, ನೀರು ಕೇಳಿದಷ್ಟೂ ಕೊಡಬೇಕು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ಒಟ್ಟಿಗೆ "ನಿನಗೇನು ಗೊತ್ತು" ಎಂದು ಗದರುವರು. ಆಚ್ಚಿ ಗದರುವಾಗ ಮಾತ್ರ ಅದು "ನಿಮಗೇನು ಗೊತ್ತು." ಆ ಮಧ್ಯಾಹ್ನ ನನಗೆ ಇದ್ದ ಸುಖ ಇನ್ಯಾವತ್ತೂ ಇರಲಿಲ್ಲ.

ಅವ್ವನ ಕಣ್ಣು ಆಮೇಲೆ ಪದೇ ಪದೇ ಕೆಡತೊಡಗಿತು. ಆ ಹನ್ನೊಂದು ದಿನದಲ್ಲೇ ಮೂರು ಸಲ ತೋರಿಸಲು ಬಂದಳು, ಮೂರು ಸಲವೂ ತಂಗಿಯೆಂದು ಹೆಬ್ಬೆಟ್ಟು ಒತ್ತಿದಳು. ಅಪ್ಪನಿಗೆ ಎಲ್ಲ ಗೊತ್ತಾಗಿತ್ತಂತೆ, ಕೇಳಲಿಲ್ಲ. ಅವನು ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಬಂದವನು ಮಾತಿಲ್ಲದೆ ಆಚ್ಚಿಯ ದಪ್ಪ ಶ್ಯಾವಿಗೆ ಎರಡು ಸಲ ಹಾಕಿಸಿಕೊಂಡು ತಿಂದ. ಅಪ್ಪನ ಮಟ್ಟಿಗೆ ಅದು ದೊಡ್ಡ ಮಾತು.

ಮತ್ತೆ ಕೆಲಸಕ್ಕೆ ಸೇರಿ ಮೊದಲ ಬೋನಸ್ ಬಂದಾಗ ಆಚ್ಚಿಗೆ ಹೊಸ ಸೀರೆ ಕೊಂಡೆ. ಹಳೆಯದಲ್ಲ, ಅಂಗಡಿಯಿಂದ ತಂದ, ಹಸಿರಂಚಿನ ಕಾಟನ್ ಸೀರೆ. ಈ ಸಲ ಖಂಡಿತ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಂಚು ಮುಟ್ಟಿ ನೋಡಿ, ಚೆನ್ನಾಗಿದೆ ಎಂದು, ಅದನ್ನು ನನ್ನ ಹೆಗಲಿಗೇ ಹೊದಿಸಿದಳು. "ಮಗಳ ಹತ್ತಿರ ಅಮ್ಮ ಸೀರೆ ತಗೊಂಡ್ರೆ ತಲೆಕೆಳಗು ಪಿಳ್ಳೆ. ಸೀರೆ ತವರಿಂದ ಬರಬೇಕು."

"ನಿಮ್ಮ ತವರು ಎಲ್ಲಿದೆ ಆಚ್ಚಿ, ಕೊಡಕ್ಕೆ?" ಎಂದೆ, ಸಿಟ್ಟಿನಿಂದ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಅದಕ್ಕೇ ಬೇಡ ಅಂದದ್ದು" ಎಂದಳು, ಒಂದಿಷ್ಟೂ ಬೇಸರವಿಲ್ಲದೆ. "ಇರೋದು ಸಾಕು. ಮೊಮ್ಮಗಳಿಗೆ ಲಂಗ ಹೊಲಿಸಿ."

ಅವಳು ಹೋದದ್ದು ಹೋದ ವರ್ಷ. ಬೆಳಿಗ್ಗೆ ಎರಡು ಬೋಸಿ ಖಾಲಿ ಮಾಡಿ, ಮನೆಗೆ ಹೋಗಿ, ಅಚ್ಚಿಗೆ ಎಣ್ಣೆ ಹಚ್ಚಿಟ್ಟು ಮಲಗಿದವಳು ಏಳಲಿಲ್ಲ. ಮಗ ಫೋನ್ ಮಾಡಿದ. ನಾನು ಅವ್ವನಿಗೆ ಹೇಳಿ, ಮಗಳನ್ನು ಕರೆದುಕೊಂಡು ಹೊರಟೆ. ಟೀ ಅಂಗಡಿಯ ಅಣ್ಣ ಬಾಗಿಲು ಹಾಕಿ ಬಂದ. ಶಿಫ್ಟ್ ಮುಗಿಸಿದ ಹುಡುಗಿಯರನ್ನು ಡ್ರೈವರ್ ಕಾರ್ಖಾನೆ ಬಸ್ಸಿನಲ್ಲೇ ತಂದಿಳಿಸಿದ. ಅಷ್ಟು ಜನ ಹೊರಗಿನವರನ್ನು ಆ ಕ್ಯಾಂಪು ಒಟ್ಟಿಗೆ ಕಂಡಿರಲಿಲ್ಲವೇನೋ. ಅವತ್ತು ಬಾಗಿಲಲ್ಲಿ ಯಾರೂ ರಿಜಿಸ್ಟರ್ ಹಿಡಿಯಲಿಲ್ಲ.

ಸ್ನಾನ ಮಾಡಿಸಿ ಆದ ಮೇಲೆ ಕ್ಯಾಂಪಿನ ಹಿರಿಯರೊಬ್ಬರು ಕೇಳಿದರು, ಹುಟ್ಟಿದ ಮನೆಯ ಸೀರೆ? ನಮ್ಮಲ್ಲಿರುವ ಹಾಗೇ ಅವರಲ್ಲೂ ಇದೆ, ಹೆಣ್ಣು ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ಆಚ್ಚಿಯ ಅಣ್ಣತಮ್ಮಂದಿರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂದು ಮಗನಿಗೂ ಗೊತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಕ್ಯಾಂಪಿನವರೇ ಯಾರಾದರೂ ತವರಿನ ಪರವಾಗಿ ಒಂದು ಸೀರೆ ಹೊದಿಸುವುದು ಅಲ್ಲಿನ ರೂಢಿಯಂತೆ. ಒಬ್ಬಾಕೆ ಅದಕ್ಕಾಗಿ ಎದ್ದಳು ಕೂಡ. ನನಗೆ ಕೊಡುವ ಹಕ್ಕಿರಲಿಲ್ಲ. ನಾನು ಮಗಳು.

ಅಷ್ಟರಲ್ಲಿ ಹೆಂಗಸರ ಗುಂಪನ್ನು ಸರಿಸಿಕೊಂಡು ಅವ್ವ ಮುಂದೆ ಬಂದಳು. ಹಿಂದೆ ಅಪ್ಪ. ಅವ್ವನ ಕೈಯಲ್ಲಿ ಡೆಂಕಣಿಕೋಟೆಯ ಅಂಗಡಿಯ ಕವರು, ಅದರಲ್ಲಿ ಹೊಸ ಸೀರೆ.

"ನೀವು ಯಾರಮ್ಮ?" ಎಂದರು ಹಿರಿಯರು.

"ತಂಗಿ" ಎಂದಳು ಅವ್ವ. "ತವರಿಂದ ಬಂದೀವಿ. ಬೇಕಾರೆ ಆಫೀಸ್ನಾಗೆ ರಿಜಿಸ್ಟ್ರು ತೆಗ್ದು ನೋಡ್ರಿ, ನಾನೇ ಹೆಬ್ಬೆಟ್ಟು ಒತ್ತೀನಿ."

ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವ್ವ ಸೀರೆಯ ಮಡಿಕೆ ಬಿಡಿಸಿ, ಆಚ್ಚಿಯ ಎದೆಯ ಮೇಲಿಂದ ಪಾದದವರೆಗೆ ನೀಟಾಗಿ ಹೊದಿಸಿದಳು, ಗಂಟು ಕಟ್ಟಿದ ಆ ಹೆಬ್ಬೆರಳನ್ನೂ ಸೇರಿಸಿ. ನಮ್ಮ ಕಡೆಯಿಂದ ಆಚ್ಚಿ ತೆಗೆದುಕೊಂಡ ಮೊದಲ ಸೀರೆ ಅದು.